ಕರ್ಣಧಾರನ ಅಧಿಕಾರವೂ ಮುದ್ರೆಯುಂಗುರವೂ

ವಿದ್ಯಾಸಂಸ್ಥೆಯ ಸಂಚಿಕೆಗೆ ಕನ್ನಡ ಪಂಡಿತನಾದವನು ಛಂದಸ್ಸನ್ನೋ ಅಲಂಕಾರವನ್ನೋ ಕುರಿತು ಬರೆಯುವುದು ರೂಢಿ. ಆ ರೂಢಿಯನ್ನು ಈ ಬಾರಿ ಬಿಟ್ಟಿರುವುದಕ್ಕೆ ಕಾರಣವುಂಟು. ನಮ್ಮಲ್ಲಿ ಕಲಿತು ಹೋದ ತರುಣ ತರುಣಿಯರಲ್ಲಿ ಅನೇಕರು ಇಂದು ಬೆಂಗಳೂರಿನಲ್ಲಿಯೂ ಹೊರದೇಶಗಳಲ್ಲಿಯೂ ತಂತ್ರಾಂಶದ ಉದ್ಯೋಗದಲ್ಲಿದ್ದಾರೆ. ಊರಿಗೆ ಬಂದಾಗ ಗುರುಗಳನ್ನು ಕಾಣಲು ಬರುವ ಅವರನ್ನು “ಏನಪ್ಪಾ ಕೆಲಸ?” ಎಂದು ವಿಚಾರಿಸಿದರೆ “ಕಂಟೇನರ್, ಕುಬರ್ನೇಟಿಸ್, ಹೆಲ್ಮ್” ಎಂದು ಮೂರು ಮಾತು ಹೇಳಿ, ಇದಕ್ಕಿಂತ ಹೆಚ್ಚು ಹೇಳಿದರೆ ಗುರುಗಳಿಗೆ ಬೇಸರವಾದೀತೆಂದು ಸುಮ್ಮನಾಗುತ್ತಾರೆ. ಬಿಡಿಸಿ ಬಿಡಿಸಿ ಕೇಳಿದಾಗ ನನಗೆ ಬೇಸರವಾಗಲಿಲ್ಲ, ಆಶ್ಚರ್ಯವಾಯಿತು. ನಮ್ಮ ಶಾಸ್ತ್ರಗ್ರಂಥಗಳು ಆರಂಭದಲ್ಲಿಯೇ ಎತ್ತುವ ಪ್ರಶ್ನೆಯೇ ಅಲ್ಲಿಯೂ ಎದ್ದು ನಿಂತಿದೆ: ಈ ಕಾರ್ಯಕ್ಕೆ ಅಧಿಕಾರಿ ಯಾರು? ಅವನ ಅಧಿಕಾರದ ಮೇರೆ ಎಷ್ಟು?

ಇದು ಕೇವಲ ಕುತೂಹಲದ ವಿಷಯವಲ್ಲ. ಬ್ಯಾಂಕಿನ ಲೆಕ್ಕ, ಆಸ್ಪತ್ರೆಯ ದಾಖಲೆ, ವಿದ್ಯಾರ್ಥಿಯ ಅಂಕಪಟ್ಟಿ ಇವೆಲ್ಲವೂ ಗಣಕಯಂತ್ರಗಳೊಳಗೆ ಸೇರಿರುವ ಈ ಕಾಲದಲ್ಲಿ, ಎಲ್ಲೋ ಕುಳಿತ ಒಬ್ಬ ಇಂಜಿನಿಯರು ಅಲಕ್ಷ್ಯದಿಂದ ಬರೆದ ಒಂದು ಪಂಕ್ತಿಯಿಂದ ಸಹಸ್ರಾರು ಜನರ ಗುಟ್ಟು ಬಯಲಾಗಬಹುದು. ಆ ಪಂಕ್ತಿಯನ್ನು ಬರೆಯುವವರು ನಮ್ಮ ಮಕ್ಕಳೇ ಆಗಿರಬಹುದು. ಅದರಿಂದ ನಷ್ಟವನ್ನು ಅನುಭವಿಸುವವರು ನಾವೇ ಆಗಿರಬಹುದು. ಆದ್ದರಿಂದ ಈ ವಿದ್ಯೆಯ ಸ್ಥೂಲಸ್ವರೂಪವನ್ನೂ ಅದರ ರಕ್ಷಣೆಯ ಕ್ರಮವನ್ನೂ ತಕ್ಕಮಟ್ಟಿಗೆ ವಿವರಿಸಲು ಇಲ್ಲಿ ಯತ್ನಿಸಿದೆ.

ಮೊದಲು ಪೆಟ್ಟಿಗೆಯ ಮಾತು. 1956ರ ಏಪ್ರಿಲ್ 26ರಂದು ಅಮೆರಿಕದ ನೆವಾರ್ಕ್ ಬಂದರಿನಿಂದ ಹ್ಯೂಸ್ಟನ್ ಬಂದರಿಗೆ ಐಡಿಯಲ್ ಎಕ್ಸ್ ಎಂಬ ಹಡಗು ಹೊರಟಿತು. ಅದರ ಮೇಲೆ ಒಂದೇ ಅಳತೆಯ 58 ಲೋಹದ ಪೆಟ್ಟಿಗೆಗಳಿದ್ದವು. ಮಾಲ್ಕಂ ಮೆಕ್ಲೀನ್ ಎಂಬ ಲಾರಿ ಉದ್ಯಮಿಯ ಯೋಜನೆ ಅದು. ಅದುವರೆಗೆ ಮೂಟೆ, ಪೀಪಾಯಿ, ಗಂಟುಗಳನ್ನು ಒಂದೊಂದಾಗಿ ಹೊತ್ತು ಹಡಗಿಗೆ ಏರಿಸಬೇಕಾಗಿತ್ತು. ಪೆಟ್ಟಿಗೆ ಬಂದ ಮೇಲೆ ಒಳಗೇನಿದೆಯೆಂದು ನೋಡದೆ ಕ್ರೇನಿನಿಂದ ಎತ್ತಿ, ಹಡಗಿನಿಂದ ರೈಲಿಗೂ ರೈಲಿನಿಂದ ಲಾರಿಗೂ ದಾಟಿಸುವುದು ಸಾಧ್ಯವಾಯಿತು. “ಒಳಗೇನಿದೆಯೆಂದು ನೋಡದೆ” ಎಂಬ ಮಾತನ್ನು ವಾಚಕರು ನೆನಪಿನಲ್ಲಿಡಬೇಕು. ಸೌಲಭ್ಯವೂ ಅದೇ, ಅಪಾಯವೂ ಅದೇ.

ತಂತ್ರಾಂಶದ ಜಗತ್ತು ಈ ಉಪಮಾನವನ್ನು ಎರವಲು ಪಡೆಯಿತು. ಒಂದು ಯಂತ್ರದಲ್ಲಿ ಸರಿಯಾಗಿ ನಡೆದ ಕ್ರಮವಿಧಿ ಮತ್ತೊಂದು ಯಂತ್ರದಲ್ಲಿ ನಡೆಯದೆ ಮೊಂಡು ಹಿಡಿಯುವುದು ಹಳೆಯ ಕಾಟ. ಅದಕ್ಕೆ ಬೇಕಾದ ಉಪಗ್ರಂಥಗಳೂ ಉಪಕರಣಗಳೂ ಅಲ್ಲಿ ಇರುವುದಿಲ್ಲ, ಅಥವಾ ಬೇರೆ ಆವೃತ್ತಿಯವು ಇರುತ್ತವೆ. ಕ್ರಮವಿಧಿಯನ್ನೂ ಅದರ ಸಮಸ್ತ ಪರಿವಾರವನ್ನೂ ಒಂದೇ ಪೆಟ್ಟಿಗೆಯಲ್ಲಿಟ್ಟು ಸಾಗಿಸಿದರೆ ಈ ಕಾಟ ತಪ್ಪುತ್ತದೆ. ಇದಕ್ಕೆ ಬೇಕಾದ ಯುಕ್ತಿಗಳು ಲೈನಕ್ಸ್ ವ್ಯವಸ್ಥೆಯಲ್ಲಿ ಮೊದಲೇ ಇದ್ದವಾದರೂ, 2013ರಲ್ಲಿ ಡಾಕರ್ ಎಂಬ ಸಾಧನವು ಪ್ರಕಟವಾದ ಮೇಲೆ ಇದು ಸರ್ವಜನಬಳಕೆಗೆ ಬಂದಿತು.

ಪೆಟ್ಟಿಗೆಯೆಂಬ ಹೆಸರು ಮಾತ್ರ ಸ್ವಲ್ಪ ದಾರಿತಪ್ಪಿಸುವಂಥದು. ಹಡಗಿನ ಪೆಟ್ಟಿಗೆಗೆ ಉಕ್ಕಿನ ಗೋಡೆಗಳಿವೆ. ಇಲ್ಲಿ ಅಂಥ ಗೋಡೆಯಿಲ್ಲ. ನಿಜವಾದ ಹೋಲಿಕೆ ನಮ್ಮ ಹಳೆಯ ಮೈಸೂರು, ಬೆಂಗಳೂರುಗಳ ವಠಾರದ್ದು. ವಠಾರದಲ್ಲಿ ಹತ್ತು ಸಂಸಾರಗಳಿದ್ದರೂ ಬಾವಿಯೊಂದೇ, ತಲೆಬಾಗಿಲೊಂದೇ, ಮೇಲಿನ ತೊಲೆಯೊಂದೇ. ಹಾಗೆಯೇ ಒಂದು ಯಂತ್ರದಲ್ಲಿ ಹತ್ತಾರು ಕಂಟೇನರುಗಳಿದ್ದರೂ ಅವೆಲ್ಲಕ್ಕೂ ಆಧಾರವಾದ ಕರ್ನೆಲ್ ಎಂಬ ಮೂಲವ್ಯವಸ್ಥೆ ಒಂದೇ. ಒಬ್ಬರಿಗೊಬ್ಬರು ಕಾಣದಂತೆ ಆ ಕರ್ನೆಲ್ಲೇ ತೆರೆ ಕಟ್ಟಿರುತ್ತದೆ; ಇವರಿಗೆ ಇಷ್ಟೇ ನೀರು, ಇಷ್ಟೇ ಜಾಗ ಎಂದು ಅದೇ ಪಾಲು ಹಾಕಿರುತ್ತದೆ. ತೆರೆ ಹರಿದರೆ ನೆರೆಮನೆಯೂ ಕಾಣುತ್ತದೆ, ಯಜಮಾನನ ಮನೆಯೂ ಕಾಣುತ್ತದೆ. 2019ರ ಫೆಬ್ರವರಿಯಲ್ಲಿ ಇದು ಪ್ರತ್ಯಕ್ಷವಾಯಿತು. ಕಂಟೇನರುಗಳನ್ನು ಚಾಲನೆಗೊಳಿಸುವ ರನ್‌ಸಿ ಎಂಬ ಸಾಧನದಲ್ಲಿ ಒಂದು ದೋಷ ಬೆಳಕಿಗೆ ಬಂದಿತು. ಒಳಗಿದ್ದ ದುಷ್ಟ ಕ್ರಮವಿಧಿಯು ಆ ಸಾಧನವನ್ನೇ ತಿದ್ದಿ ಬರೆದು, ಹೊರಗಿನ ಯಂತ್ರದ ಸರ್ವಾಧಿಕಾರವನ್ನು ವಶಪಡಿಸಿಕೊಳ್ಳಬಹುದಾಗಿತ್ತು. ಕಂಟೇನರಿನೊಳಗೆ ಕ್ರಮವಿಧಿಯು ರೂಟ್ ಎಂಬ ಪರಮಾಧಿಕಾರದಿಂದ ನಡೆಯುತ್ತಿದ್ದರೆ ಅಪಾಯ ಪೂರ್ಣ. ಸಾಮಾನ್ಯ ಬಳಕೆದಾರನಾಗಿ ನಡೆಯುತ್ತಿದ್ದರೆ ಬಹುಮಟ್ಟಿಗೆ ತಪ್ಪುತ್ತಿತ್ತು. ಅಂದಿನಿಂದ “ರೂಟ್ ಆಗಿ ನಡೆಸಬೇಡಿ” ಎಂಬುದು ಈ ವಿದ್ಯೆಯ ಪ್ರಥಮ ಪಾಠಗಳಲ್ಲಿ ಒಂದಾಗಿದೆ. ಬಾಯಿಪಾಠ ಮಾಡಿದವರು ಬಹಳ, ಪಾಲಿಸುವವರು ಅಷ್ಟಿಲ್ಲ.

ಇನ್ನು ಕುಬರ್ನೇಟಿಸ್. ಪೆಟ್ಟಿಗೆಗಳು ಹತ್ತಿದ್ದರೆ ಕೈಯಿಂದಲೇ ನಿರ್ವಹಿಸಬಹುದು, ಹತ್ತು ಸಾವಿರವಾದರೆ? ಯಾವ ಪೆಟ್ಟಿಗೆ ಯಾವ ಯಂತ್ರದ ಮೇಲೆ ಇರಬೇಕು, ಒಂದು ಕೆಟ್ಟರೆ ಅದರ ಸ್ಥಾನಕ್ಕೆ ಬೇರೊಂದನ್ನು ಹೇಗೆ ತರಬೇಕು ಎಂಬುದನ್ನು ನೋಡಿಕೊಳ್ಳುವ ಮೇಲ್ವಿಚಾರಕ ಬೇಕಾಗುತ್ತಾನೆ. ಆ ಮೇಲ್ವಿಚಾರಕನೇ ಕುಬರ್ನೇಟಿಸ್. ಗೂಗಲ್ ಸಂಸ್ಥೆಯ ಇಂಜಿನಿಯರುಗಳು 2014ರ ಜೂನ್‌ನಲ್ಲಿ ಇದನ್ನು ಪ್ರಕಟಿಸಿದರು. 2015ರ ಜುಲೈನಲ್ಲಿ ಮೊದಲ ಪೂರ್ಣ ಆವೃತ್ತಿ ಹೊರಬಂದಿತು. ಒಂದು ಕಂಪನಿಯ ಸ್ವತ್ತಾಗಿ ಉಳಿಯದೆ ಅದು ಕ್ಲೌಡ್ ನೇಟಿವ್ ಕಂಪ್ಯೂಟಿಂಗ್ ಫೌಂಡೇಶನ್ ಎಂಬ ಸಾರ್ವಜನಿಕ ಪ್ರತಿಷ್ಠಾನದ ಆಶ್ರಯಕ್ಕೆ ಬಂದಿತು.

ಶಬ್ದವ್ಯಸನಿಯಾದ ನನಗೆ ಇಲ್ಲಿ ಒಂದು ಮಾತು ಹೇಳದೆ ಮುಂದುವರಿಯಲು ಮನಸ್ಸಿಲ್ಲ. ಕುಬರ್ನೇಟಿಸ್ ಎಂಬುದು ಗ್ರೀಕ್ ಪದ. ಹಡಗಿನ ಚುಕ್ಕಾಣಿ ಹಿಡಿಯುವವನು ಎಂದರ್ಥ. ಅದೇ ಮೂಲ ಲ್ಯಾಟಿನ್ನಿನ ಮೂಲಕ ಸಾಗಿ ಇಂಗ್ಲಿಷಿನಲ್ಲಿ ‘ಗವರ್ನರ್’ ಆಯಿತು. ನಮ್ಮಲ್ಲಿ ಇದಕ್ಕೆ ಸಮನಾದ ಪದವೆಂದರೆ ‘ಕರ್ಣಧಾರ’. ಇಲ್ಲಿ ಕರ್ಣವೆಂದರೆ ಕಿವಿಯಲ್ಲ, ಚುಕ್ಕಾಣಿ. ಅದನ್ನು ಧರಿಸಿದವನು ಕರ್ಣಧಾರ. ಹಡಗು ನಡೆಸುವವನ ಹೆಸರೇ ರಾಜ್ಯ ನಡೆಸುವವನ ಹೆಸರಾದದ್ದು ಆಕಸ್ಮಿಕವಲ್ಲ. ಇಬ್ಬರ ಕೈಯಲ್ಲೂ ಇರುವುದು ಪರರ ಪ್ರಾಣ.

ಈ ಕರ್ಣಧಾರನು ಕೆಲಸ ಮಾಡುವ ರೀತಿ ವಿಲಕ್ಷಣವಾದುದು. ಅವನಿಗೆ “ಹೀಗೆ ಮಾಡು” ಎಂದು ಹಂತಹಂತವಾಗಿ ಹೇಳಬೇಕಾಗಿಲ್ಲ. “ಇಂಥ ತಂತ್ರಾಂಶದ ಮೂರು ಪ್ರತಿಗಳು ಸದಾ ನಡೆಯುತ್ತಿರಬೇಕು” ಎಂದು ಇಷ್ಟಸ್ಥಿತಿಯನ್ನು ಬರೆದು ಕೊಟ್ಟರೆ ಸಾಕು. ಎಪಿಐ ಸರ್ವರ್ ಎಂಬ ಆಸ್ಥಾನದ್ವಾರದಲ್ಲಿ ಆ ಬರಹವನ್ನು ಸ್ವೀಕರಿಸಿ, ಎಟ್‌ಸಿಡಿ ಎಂಬ ದಫ್ತರದಲ್ಲಿ ದಾಖಲಿಸಿ, ವಾಸ್ತವಸ್ಥಿತಿಯನ್ನು ಇಷ್ಟಸ್ಥಿತಿಯೊಡನೆ ಹಗಲಿರುಳು ಹೋಲಿಸುತ್ತ, ವ್ಯತ್ಯಾಸ ಕಂಡಾಗಲೆಲ್ಲ ಸರಿಪಡಿಸುತ್ತ ಹೋಗುತ್ತಾನೆ. ಒಂದು ಪ್ರತಿ ಸತ್ತರೆ ಮತ್ತೊಂದನ್ನು ಹುಟ್ಟಿಸುತ್ತಾನೆ. ಇದು ಅದ್ಭುತವಾದ ಸೇವಾನಿಷ್ಠೆ. ಆದರೆ ಬರೆದು ಕೊಟ್ಟವನು ಕಳ್ಳನಾದರೆ? ಕಳ್ಳನ ಇಷ್ಟಸ್ಥಿತಿಯನ್ನೂ ಅವನು ಅಷ್ಟೇ ನಿಷ್ಠೆಯಿಂದ ಹಗಲಿರುಳು ಕಾಪಾಡುತ್ತಾನೆ. ಕಳ್ಳನ ಕ್ರಮವಿಧಿಯನ್ನು ನೀವು ಕೊಂದರೂ ಅವನೇ ಮತ್ತೆ ಜೀವ ಕೊಡುತ್ತಾನೆ. ಆದಕಾರಣ ಈ ವ್ಯವಸ್ಥೆಯ ರಕ್ಷಣೆಯೆಂದರೆ ಬಹುಪಾಲು ಒಂದೇ ಮಾತು: ಬರೆದು ಕೊಡುವ ಅಧಿಕಾರವನ್ನು ಯಾರಿಗೆ ಎಷ್ಟು ಕೊಟ್ಟಿದೆ ಎಂಬ ವಿಚಾರಣೆ.

ಆಸ್ಥಾನದ್ವಾರದಲ್ಲಿ ಮೂರು ಪ್ರಶ್ನೆಗಳಿವೆ. ನೀನು ಯಾರು ಎಂಬುದು ಮೊದಲನೆಯದು. ನೀನು ಕೇಳುತ್ತಿರುವ ಕಾರ್ಯಕ್ಕೆ ನಿನಗೆ ಅಧಿಕಾರವಿದೆಯೇ ಎಂಬುದು ಎರಡನೆಯದು. ಅಧಿಕಾರವಿದ್ದರೂ ನೀನು ತಂದಿರುವ ಬರಹ ಈ ರಾಜ್ಯದ ನಿಯಮಕ್ಕೆ ಒಪ್ಪುವಂಥದೇ ಎಂಬುದು ಮೂರನೆಯದು. ಎರಡನೆಯ ಪ್ರಶ್ನೆಗೆ ಉತ್ತರ ಹೇಳುವ ಪದ್ಧತಿಗೆ ಆರ್‌ಬಿಎಸಿ ಎಂದು ಹೆಸರು. ವ್ಯಕ್ತಿಗೆ ನೇರವಾಗಿ ಅಧಿಕಾರ ಕೊಡದೆ, ಒಂದು ಪಾತ್ರಕ್ಕೆ ಅಧಿಕಾರವನ್ನು ಕೊಟ್ಟು, ವ್ಯಕ್ತಿಗೆ ಪಾತ್ರವನ್ನು ವಹಿಸುವ ಕ್ರಮ. ಇದು 2017ರಲ್ಲಿ, 1.8ನೆಯ ಆವೃತ್ತಿಯಲ್ಲಿ, ಸುಸ್ಥಿರವೆಂದು ಘೋಷಿತವಾಯಿತು.

ಮೀಮಾಂಸೆಯನ್ನು ಓದಿದವರಿಗೆ ಇಲ್ಲಿ ಒಂದು ಸ್ವಾರಸ್ಯ ಕಾಣುತ್ತದೆ. ಶಾಸ್ತ್ರವಾಕ್ಯಗಳಲ್ಲಿ ‘ಇದನ್ನು ಮಾಡು’ ಎಂಬ ವಿಧಿಯೂ ಉಂಟು, ‘ಇದನ್ನು ಮಾಡಬೇಡ’ ಎಂಬ ನಿಷೇಧವೂ ಉಂಟು. ಆರ್‌ಬಿಎಸಿಯಲ್ಲಿ ಅನುಜ್ಞೆ ಮಾತ್ರ ಉಂಟು, ನಿಷೇಧವೇ ಇಲ್ಲ. ಒಮ್ಮೆ ಕೊಟ್ಟ ಅಧಿಕಾರವನ್ನು ಮತ್ತೊಂದು ವಾಕ್ಯದಿಂದ ತಡೆಯಲು ಬಾರದು; ಕೊಟ್ಟ ವಾಕ್ಯವನ್ನೇ ಹಿಂದೆಗೆದುಕೊಳ್ಳಬೇಕು. ಹೀಗಾಗಿ ನಕ್ಷತ್ರಚಿಹ್ನೆಯೊಂದನ್ನು ಇಟ್ಟು “ಎಲ್ಲ ವಸ್ತುಗಳ ಮೇಲೆ ಎಲ್ಲ ಕ್ರಿಯೆಗಳೂ” ಎಂದು ಬರೆದವನು, ನಾಳೆ ಹುಟ್ಟಲಿರುವ ವಸ್ತುಗಳ ಮೇಲೂ ಇಂದೇ ಅಧಿಕಾರ ಕೊಟ್ಟಂತಾಯಿತು. ಅವಸರದಲ್ಲಿರುವವರಿಗೆ ಆ ನಕ್ಷತ್ರ ಬಹಳ ಪ್ರಿಯವೆಂದು ಕೇಳಿದ್ದೇನೆ.

ಇನ್ನೂ ಸೂಕ್ಷ್ಮವಾದ ಒಂದು ಸಂಗತಿಯುಂಟು. ನೇಮ್‌ಸ್ಪೇಸ್ ಎಂಬುದು ಈ ರಾಜ್ಯದ ಒಂದು ಪ್ರಾಂತ. ಪಾಡ್ ಎಂಬುದು ಕಂಟೇನರುಗಳನ್ನು ಒಳಗೊಂಡ ಅತಿ ಸಣ್ಣ ಘಟಕ. ಒಂದು ಪ್ರಾಂತದ ರಹಸ್ಯಗಳನ್ನು ಓದುವ ಅಧಿಕಾರವನ್ನು ಒಬ್ಬನಿಗೆ ಕೊಟ್ಟಿಲ್ಲ, ಪಾಡುಗಳನ್ನು ಸೃಷ್ಟಿಸುವ ಅಧಿಕಾರವನ್ನು ಮಾತ್ರ ಕೊಟ್ಟಿದೆ ಎನ್ನೋಣ. ಅವನು ಆ ರಹಸ್ಯಗಳನ್ನು ತನ್ನೊಳಗೆ ಜೋಡಿಸಿಕೊಳ್ಳುವ ಪಾಡೊಂದನ್ನು ಸೃಷ್ಟಿಸಿ, ಅದರಿಂದ ಓದಿಸಿಕೊಳ್ಳಬಹುದು. ಉಗ್ರಾಣದ ಬೀಗದ ಕೈ ಕೊಡದೆ, ಉಗ್ರಾಣಕ್ಕೆ ಆಳನ್ನು ಕಳುಹಿಸುವ ಅಪ್ಪಣೆ ಕೊಟ್ಟಂತೆ. ಅಕ್ಷರಾರ್ಥದಲ್ಲಿ ಕೊಡದಿದ್ದುದು ಲಕ್ಷಣಾರ್ಥದಲ್ಲಿ ಸಂದುಹೋಯಿತು. ಅಧಿಕಾರಪತ್ರವನ್ನು ಬರೆಯುವವರು ವಾಚ್ಯಾರ್ಥವನ್ನಷ್ಟೇ ನೋಡಿದರೆ ಸಾಲದು.

ಮೊದಲನೆಯ ಪ್ರಶ್ನೆಯನ್ನೇ ಕೇಳದೆ ಬಿಟ್ಟವರೂ ಉಂಟು. 2018ರ ಫೆಬ್ರವರಿಯಲ್ಲಿ ರೆಡ್‌ಲಾಕ್ ಎಂಬ ರಕ್ಷಣಾಸಂಸ್ಥೆಯ ಸಂಶೋಧಕರು ಟೆಸ್ಲಾ ಮೋಟಾರು ಕಂಪನಿಯ ಕುಬರ್ನೇಟಿಸ್ ನಿಯಂತ್ರಣಪುಟವೊಂದು ಪಾಸ್‌ವರ್ಡಿಲ್ಲದೆ ಲೋಕಕ್ಕೆಲ್ಲ ತೆರೆದಿದ್ದುದನ್ನು ಪ್ರಕಟಿಸಿದರು. ಕಳ್ಳರು ಆಗಲೇ ಒಳಹೊಕ್ಕು, ಕಂಪನಿಯ ಯಂತ್ರಗಳಿಂದ ಕ್ರಿಪ್ಟೊ ನಾಣ್ಯಗಳನ್ನು ಗಣಿಸಿಕೊಳ್ಳುತ್ತಿದ್ದರು. ಒಂದು ಪಾಡಿನೊಳಗೆ ಅಮೆಜಾನ್ ಸಂಗ್ರಹಾಗಾರದ ಕೀಲಿಯೂ ಇತ್ತು; ವಾಹನಗಳ ಮಾಪನವಿವರಗಳು ಆ ಸಂಗ್ರಹದಲ್ಲಿದ್ದವು. ಕಳ್ಳರ ಜಾಣ್ಮೆಯೂ ಗಮನಾರ್ಹ: ಯಂತ್ರದ ಶಕ್ತಿಯನ್ನೆಲ್ಲ ಹೀರಿದರೆ ಯಜಮಾನನಿಗೆ ಸುಳಿವು ಸಿಕ್ಕೀತೆಂದು ಬೇಕೆಂದೇ ಮಿತವಾಗಿ ಬಳಸುತ್ತಿದ್ದರು. ಹಸುವಿನ ಹಾಲನ್ನು ಕರುವಿಗೂ ಸ್ವಲ್ಪ ಬಿಟ್ಟು ಕದಿಯುವ ಕಳ್ಳನಂತೆ.

ಇಲ್ಲಿಂದ ನಾನು ಮುಖ್ಯವೆಂದು ತಿಳಿದಿರುವ ಭಾಗಕ್ಕೆ ಬರುತ್ತೇನೆ. ಅದು ಹೆಲ್ಮ್ ಎಂಬ ಸಾಧನದ ಇತಿಹಾಸ. ಕರ್ಣಧಾರನಿಗೆ ಇಷ್ಟಸ್ಥಿತಿಯನ್ನು ಬರೆದು ಕೊಡಬೇಕೆಂದೆವಷ್ಟೆ. ದೊಡ್ಡ ತಂತ್ರಾಂಶವೊಂದಕ್ಕೆ ಅಂಥ ಬರಹಗಳು ಹತ್ತಾರು ಬೇಕು, ಪ್ರತಿಯೊಂದೂ ಉದ್ದವಾದದ್ದು. ಪ್ರತಿಯೊಬ್ಬನೂ ಪ್ರತಿ ಬಾರಿಯೂ ಅವನ್ನು ಬರೆಯುವುದು ವ್ಯರ್ಥಶ್ರಮ. ತಜ್ಞರು ಒಮ್ಮೆ ಬರೆದಿಟ್ಟರೆ, ಉಳಿದವರು ತಮ್ಮ ತಮ್ಮ ಹೆಸರು, ವಿಳಾಸ, ಅಳತೆಗಳನ್ನು ತುಂಬಿ ಬಳಸಬಹುದು. ಹೀಗೆ ಕಟ್ಟಿಟ್ಟ ಗಂಟಿಗೆ ಚಾರ್ಟ್ ಎಂದೂ, ತುಂಬಬೇಕಾದ ಬೆಲೆಗಳ ಪಟ್ಟಿಗೆ ವ್ಯಾಲ್ಯೂಸ್ ಎಂದೂ, ಇದನ್ನು ನಿರ್ವಹಿಸುವ ಸಾಧನಕ್ಕೆ ಹೆಲ್ಮ್, ಅಂದರೆ ಚುಕ್ಕಾಣಿ ಎಂದೂ ಹೆಸರಿಟ್ಟರು. ಚಾರ್ಟ್ ಎಂದರೆ ನಾವಿಕನ ನಕ್ಷೆ. ನಾಮಕರಣದಲ್ಲಿ ಈ ಜನ ನೌಕಾರೂಪಕವನ್ನು ಕೊನೆಯವರೆಗೂ ನಿರ್ವಹಿಸಿದ್ದಾರೆ. ಸಾಂಗರೂಪಕಕ್ಕೆ ಇದನ್ನೇ ಉದಾಹರಣೆಯಾಗಿ ಹೇಳಬಹುದು.

ಹೆಲ್ಮ್ 2015ರಲ್ಲಿ ಹುಟ್ಟಿತು. 2016ರ ಎರಡನೆಯ ಆವೃತ್ತಿಯಲ್ಲಿ ಟಿಲ್ಲರ್ ಎಂಬ ಅಂಗವೊಂದು ಸೇರಿತು. ನಮ್ಮ ರೈತಬಾಂಧವರಿಗೆ ಟಿಲ್ಲರ್ ಎಂದರೆ ಗದ್ದೆ ಉಳುವ ಯಂತ್ರ. ಇಲ್ಲಿ ಅದು ಚುಕ್ಕಾಣಿಯ ಹಿಡಿ. ಕೆಲಸಗಾರನು ತನ್ನ ಮೇಜಿನಿಂದ ಹೆಲ್ಮಿಗೆ ಆಜ್ಞೆ ಕೊಟ್ಟರೆ, ಹೆಲ್ಮ್ ಅದನ್ನು ಕುಬರ್ನೇಟಿಸ್ ಒಳಗೇ ವಾಸವಾಗಿದ್ದ ಟಿಲ್ಲರಿಗೆ ತಿಳಿಸುತ್ತಿತ್ತು. ಟಿಲ್ಲರ್ ಅದನ್ನು ನೆರವೇರಿಸುತ್ತಿತ್ತು. ತೊಡಕು ಇಲ್ಲಿಯೇ. ನೆರವೇರಿಸುವಾಗ ಪರಿಗಣಿತವಾಗುತ್ತಿದ್ದುದು ಆಜ್ಞೆ ಕೊಟ್ಟವನ ಅಧಿಕಾರವಲ್ಲ, ಟಿಲ್ಲರಿನ ಅಧಿಕಾರ. ಎಲ್ಲರ ಎಲ್ಲ ಕೆಲಸಗಳನ್ನೂ ಅದು ಮಾಡಬೇಕಾಗಿದ್ದರಿಂದ, ಬಹುಮಂದಿ ಅದಕ್ಕೆ ಕ್ಲಸ್ಟರ್-ಅಡ್ಮಿನ್ ಎಂಬ ಪರಮಾಧಿಕಾರವನ್ನೇ ಕೊಟ್ಟುಬಿಡುತ್ತಿದ್ದರು. ಮೇಲಾಗಿ ಸ್ವಾಭಾವಿಕ ಸ್ಥಾಪನೆಯಲ್ಲಿ ಟಿಲ್ಲರ್ ತನ್ನೊಡನೆ ಮಾತನಾಡಿದವರು ಯಾರೆಂದು ಕೇಳುತ್ತಿರಲಿಲ್ಲ. ಒಳಗಿನ ಯಾವ ಪಾಡ್ ಬೇಕಾದರೂ ಹೋಗಿ ಕೆಲಸ ಹೇಳಬಹುದಾಗಿತ್ತು. ಯಃಕಶ್ಚಿತ್ ಅಂಗಡಿಪುಟವೊಂದನ್ನು ಭೇದಿಸಿ ಒಳಬಂದ ಕಳ್ಳನು ಟಿಲ್ಲರಿನ ಬಳಿ ಹೋಗಿ “ನನಗೆ ಇಡೀ ರಾಜ್ಯವನ್ನು ಕೊಡು” ಎಂದರೆ, ಅದು ಕೊಟ್ಟುಬಿಡುತ್ತಿತ್ತು.

ಗುರುತುಪತ್ರ ಕೇಳುವಂತೆ ಟಿಲ್ಲರನ್ನು ಬಿಗಿಗೊಳಿಸುವ ವಿಧಾನಗಳೇನೋ ಇದ್ದವು. ಅವುಗಳನ್ನು ಕೈಪಿಡಿಯಲ್ಲಿ ವಿವರಿಸಿಯೂ ಇತ್ತು. ಆದರೆ ತಾನಾಗಿ ಸಿಗುವುದು ಸಡಿಲವಾಗಿದ್ದು, ಬಿಗಿ ಮಾಡುವುದಕ್ಕೆ ಶ್ರಮ ಬೇಕಾಗಿದ್ದರೆ, ಜನ ಸಡಿಲವನ್ನೇ ಇಟ್ಟುಕೊಳ್ಳುತ್ತಾರೆ. ಕೊನೆಗೆ ಹೆಲ್ಮಿನ ನಿರ್ಮಾಪಕರು ದಿಟ್ಟವಾದ ನಿರ್ಧಾರ ಕೈಗೊಂಡರು. 2019ರ ನವೆಂಬರ್ 13ರಂದು ಹೊರಬಂದ ಮೂರನೆಯ ಆವೃತ್ತಿಯಲ್ಲಿ ಟಿಲ್ಲರನ್ನು ತಿದ್ದಲಿಲ್ಲ, ತೆಗೆದೇ ಹಾಕಿದರು. ಅಂದಿನಿಂದ ಹೆಲ್ಮ್ ಕೆಲಸ ಮಾಡುವುದು ಆಜ್ಞೆ ಕೊಟ್ಟವನ ಸ್ವಂತ ಅಧಿಕಾರದಲ್ಲಿಯೇ. ಅವನಿಗಿಲ್ಲದ ಅಧಿಕಾರ ಹೆಲ್ಮಿಗೂ ಇಲ್ಲ. ಒಂದು ದ್ವಾರಪಾಲಕನನ್ನು ಬಲಪಡಿಸುವುದಕ್ಕಿಂತ, ಬೇಡದ ದ್ವಾರವನ್ನೇ ಮುಚ್ಚುವುದು ಮೇಲೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ನನಗೆ ದೊರೆತಿಲ್ಲ.

ಆದರೂ ಟಿಲ್ಲರಿನ ಪುನರ್ಜನ್ಮವಾಗುತ್ತಲೇ ಇದೆ. ಮನುಷ್ಯರ ಕೈಯಿಲ್ಲದೆ ತಂತ್ರಾಂಶವನ್ನು ತಾವೇ ಸ್ಥಾಪಿಸುವ ಸ್ವಯಂಚಾಲಿತ ವ್ಯವಸ್ಥೆಗಳು ಇಂದು ಬಹುವಾಗಿ ಬಳಕೆಯಲ್ಲಿವೆ; ಆರ್ಗೊ ಸಿಡಿ ಎಂಬುದು ಅವುಗಳಲ್ಲಿ ಪ್ರಸಿದ್ಧವಾದದ್ದು. ಇವು ಬಹಳ ಉಪಯುಕ್ತವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಒಳಗೆ ಕುಳಿತು ಎಲ್ಲರ ಪರವಾಗಿ ವಿಶಾಲವಾದ ಅಧಿಕಾರದಿಂದ ಕೆಲಸ ಮಾಡುವ ಸೇವಕ ಎಂಬ ಲಕ್ಷಣ ಇವುಗಳಿಗೂ ಹೊಂದುತ್ತದೆ. ಇವುಗಳನ್ನು ಸ್ಥಾಪಿಸುವ ಶಿಷ್ಯರಿಗೆ ನನ್ನದೊಂದು ಕೋರಿಕೆ: ಟಿಲ್ಲರಿನ ಕಥೆಯನ್ನು ಮೊದಲು ಓದಿಕೊಳ್ಳಿರಿ, ಈ ಸೇವಕನಿಗೆ ಯಾವ ಯಾವ ಪ್ರಾಂತದಲ್ಲಿ ಕೆಲಸವಿದೆಯೋ ಅಲ್ಲಿಗೆ ಮಾತ್ರ ಅಪ್ಪಣೆ ಬರೆದುಕೊಡಿರಿ.

ಟಿಲ್ಲರ್ ಹೋದರೂ ಚಾರ್ಟುಗಳ ಒಳಗಿನ ಅಪಾಯ ಹೋಗಲಿಲ್ಲ. 2025ರ ಮೇ ತಿಂಗಳಲ್ಲಿ ಮೈಕ್ರೊಸಾಫ್ಟ್ ಸಂಸ್ಥೆಯ ಸಂಶೋಧಕರು, ಸಿದ್ಧವಾಗಿ ದೊರೆಯುವ ಹೆಲ್ಮ್ ಚಾರ್ಟುಗಳನ್ನು ಇದ್ದಂತೆಯೇ ಸ್ಥಾಪಿಸುವುದರಿಂದ ಆಗುವ ಹಾನಿಯನ್ನು ಕುರಿತು ಎಚ್ಚರಿಕೆಯ ಲೇಖನ ಪ್ರಕಟಿಸಿದರು. ಅಪಾಚೆ ಪಿನೋ ಎಂಬ ದತ್ತಾಂಶಸಂಗ್ರಹದ ಚಾರ್ಟ್ ಅವರು ಕೊಟ್ಟ ಉದಾಹರಣೆಗಳಲ್ಲಿ ಒಂದು. ಏನನ್ನೂ ಬದಲಿಸದೆ ಅದನ್ನು ಸ್ಥಾಪಿಸಿದರೆ, ಅದರ ಮುಖ್ಯ ಅಂಗಗಳು ಯಾವ ಪಾಸ್‌ವರ್ಡೂ ಇಲ್ಲದೆ ಅಂತರಜಾಲಕ್ಕೆ ತೆರೆದುಕೊಳ್ಳುತ್ತಿದ್ದವು. ಬರೆದವನು ದುರುದ್ದೇಶದಿಂದ ಹಾಗೆ ಬರೆದಿರಲಾರ. ಹೊಸಬನಿಗೆ ಬೇಗ ಕೆಲಸ ಕಾಣಲಿ ಎಂಬ ಸದುದ್ದೇಶವೇ ಇದ್ದೀತು. ಪರೀಕ್ಷೆಗೆಂದು ಬಾಗಿಲು ತೆರೆದಿಟ್ಟ ಮಾದರಿಮನೆಯನ್ನೇ ಕೊಂಡು, ಬಾಗಿಲಿಗೆ ಬೀಗವಿಲ್ಲವೆಂಬುದನ್ನು ನೋಡದೆ ಸಂಸಾರ ಹೂಡಿದವನದು ತಪ್ಪಲ್ಲವೇ?

ಪರಿಹಾರ ಕಷ್ಟದ್ದಲ್ಲ. ನಾವು ಪಾಠ ಹೇಳುವಾಗ ಹಳಗನ್ನಡದ ಪದ್ಯಕ್ಕೆ ಪದಚ್ಛೇದ ಮಾಡಿ, ಅನ್ವಯ ಹಚ್ಚಿ, ಅನಂತರ ತಾತ್ಪರ್ಯಕ್ಕೆ ಬರುತ್ತೇವೆ. ಹೆಲ್ಮಿನಲ್ಲಿಯೂ ಅಂಥ ಅನ್ವಯದ ಸೌಲಭ್ಯವಿದೆ. ‘ಹೆಲ್ಮ್ ಟೆಂಪ್ಲೇಟ್’ ಎಂಬ ಆಜ್ಞೆ ಕೊಟ್ಟರೆ, ಬೆಲೆಗಳನ್ನೆಲ್ಲ ತುಂಬಿದ ಮೇಲೆ ಕರ್ಣಧಾರನಿಗೆ ಏನೇನು ಬರಹ ಹೋಗಲಿದೆಯೋ ಅದನ್ನು ಸ್ಥಾಪಿಸುವ ಮೊದಲೇ ಕಣ್ಣೆದುರಿಗೆ ಇಡುತ್ತದೆ. ಹೊರಗೆ ತೆರೆಯುವ ದ್ವಾರಗಳು ಎಷ್ಟು, ಪಾತ್ರಗಳಿಗೆ ಕೊಟ್ಟ ಅಧಿಕಾರವೇನು, ಎಲ್ಲಿಯಾದರೂ ಆ ನಕ್ಷತ್ರಚಿಹ್ನೆ ಅಡಗಿದೆಯೇ, ‘ಪ್ರಿವಿಲೆಜ್ಡ್’ ಎಂಬ ಮಾತು ಎಲ್ಲಿಯಾದರೂ ಬಂದಿದೆಯೇ ಎಂದು ಅರ್ಧ ಗಂಟೆ ಓದಿದರೆ ತಿಳಿಯುತ್ತದೆ. ಅನ್ಯರು ಬರೆದ ಪತ್ರಕ್ಕೆ ಓದದೆ ಸಹಿ ಹಾಕಬಾರದೆಂಬುದು ನಮ್ಮ ಹಳ್ಳಿಯ ಅನಕ್ಷರಸ್ಥ ಹಿರಿಯರಿಗೂ ಗೊತ್ತಿದ್ದ ವಿವೇಕ.

ರಹಸ್ಯಗಳ ವಿಷಯದಲ್ಲಿ ಒಂದು ದೊಡ್ಡ ಭ್ರಾಂತಿ ಪ್ರಚಾರದಲ್ಲಿದೆ. ಕುಬರ್ನೇಟಿಸ್‌ನಲ್ಲಿ ಪಾಸ್‌ವರ್ಡ್ ಮೊದಲಾದುವನ್ನು ಇಡಲು ‘ಸೀಕ್ರೆಟ್’ ಎಂಬ ವಸ್ತುವುಂಟು. ತೆರೆದು ನೋಡಿದರೆ ಅರ್ಥವಾಗದ ಅಕ್ಷರಮಾಲೆ ಕಾಣುವುದರಿಂದ, ಅದು ಗೂಢಲಿಪಿಯೆಂದು ಅನೇಕರು ನಂಬುತ್ತಾರೆ. ವಾಸ್ತವದಲ್ಲಿ ಅದು ಬೇಸ್64 ಎಂಬ ಲಿಪ್ಯಂತರ ಮಾತ್ರ. ಕನ್ನಡ ಪದ್ಯವನ್ನು ಗ್ರಂಥಲಿಪಿಯಲ್ಲಿ ಬರೆದಂತೆ. ಲಿಪಿ ಬಲ್ಲವನಿಗೆ ಅದರಲ್ಲಿ ಗುಟ್ಟೇನೂ ಇಲ್ಲ. ಎಟ್‌ಸಿಡಿ ದಫ್ತರದಲ್ಲಿಯೂ ಅದು ತಾನಾಗಿ ಗೂಢವಾಗಿರುವುದಿಲ್ಲ; ಗೂಢೀಕರಿಸಬೇಕೆಂದು ಬೇರೆಯಾಗಿ ವಿಧಿಸಬೇಕು, ಗೂಢೀಕರಣದ ಕೀಲಿಯನ್ನು ಬೇರೆಡೆ ಇಡಬೇಕು. ಹೆಲ್ಮ್ ಬಳಸುವವರು ಇನ್ನೊಂದನ್ನು ಅರಿತಿರಬೇಕು: ಪ್ರತಿ ಸ್ಥಾಪನೆಯ ವೃತ್ತಾಂತವನ್ನು ಹೆಲ್ಮ್ ಅದೇ ಪ್ರಾಂತದಲ್ಲಿ ಒಂದು ಸೀಕ್ರೆಟ್ ಆಗಿ ಬರೆದಿಡುತ್ತದೆ. ಬೆಲೆಗಳ ಪಟ್ಟಿಯಲ್ಲಿ ಪಾಸ್‌ವರ್ಡನ್ನು ತುಂಬಿದ್ದರೆ ಆ ವೃತ್ತಾಂತದಲ್ಲಿಯೂ ಅದು ಉಳಿಯುತ್ತದೆ.

ಇನ್ನು ಮುದ್ರೆಯ ವಿಚಾರ. ದೂರದಿಂದ ಬಂದ ಪೆಟ್ಟಿಗೆ ನಾವು ಬಯಸಿದ ಪೆಟ್ಟಿಗೆಯೇ ಎಂದು ತಿಳಿಯುವುದು ಹೇಗೆ? ಪೆಟ್ಟಿಗೆಗೆ ‘ಲೇಟೆಸ್ಟ್’ ಎಂಬಂಥ ಚೀಟಿ ಅಂಟಿಸಿರುತ್ತಾರೆ. ಚೀಟಿಯನ್ನು ನಿನ್ನೆಯ ಪೆಟ್ಟಿಗೆಯಿಂದ ಕಿತ್ತು ಇಂದಿನದಕ್ಕೆ ಅಂಟಿಸಬಹುದಾದ್ದರಿಂದ ಅದಕ್ಕೆ ಪ್ರಮಾಣಬಲವಿಲ್ಲ. ಒಳಗಿನ ಸರ್ವವನ್ನೂ ಲೆಕ್ಕಹಾಕಿ ಪಡೆದ ಡೈಜೆಸ್ಟ್ ಎಂಬ ಸಂಖ್ಯೆಯುಂಟು. ಒಳಗೆ ಒಂದಕ್ಷರ ಬದಲಾದರೂ ಸಂಖ್ಯೆ ಪೂರ್ತಿ ಬೇರೆಯಾಗುತ್ತದೆ. ಚೀಟಿಯನ್ನು ಬಿಟ್ಟು ಸಂಖ್ಯೆಯಿಂದಲೇ ಪೆಟ್ಟಿಗೆಯನ್ನು ಕರೆಯುವುದು ಕ್ಷೇಮ. ಆದರೆ ಅದು ಬಂದದ್ದು ಯಾರಿಂದ ಎಂಬುದಕ್ಕೆ ಸಂಖ್ಯೆ ಉತ್ತರ ಹೇಳದು; ಅದಕ್ಕೆ ಸಹಿ ಬೇಕು. ಹೆಲ್ಮ್ ಚಾರ್ಟಿಗೆ ಸಹಿ ಹಾಕುವ ಏರ್ಪಾಡು ಇದೆ. ಆದರೆ ಪರಿಶೀಲಿಸೆಂದು ಹೇಳದ ಹೊರತು ಅದು ತಾನಾಗಿ ಪರಿಶೀಲಿಸುವುದಿಲ್ಲ.

ಸಹಿಯೂ ಪೂರ್ಣ ಅಭಯವಲ್ಲ. ವಿಶಾಖದತ್ತನ ಮುದ್ರಾರಾಕ್ಷಸವನ್ನು, ಅಥವಾ ಅದರ ಕಥೆಯನ್ನೇ ಆಧರಿಸಿ ಕೆಂಪುನಾರಾಯಣನು 1823ರಲ್ಲಿ ಕನ್ನಡ ಗದ್ಯದಲ್ಲಿ ರಚಿಸಿದ ಮುದ್ರಾಮಂಜೂಷವನ್ನು ಓದಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಮಾತ್ಯರಾಕ್ಷಸನ ಮುದ್ರೆಯುಂಗುರ ಚಾಣಕ್ಯನ ಕೈಗೆ ಸಿಕ್ಕಿತು. ಅದರಿಂದ ಮುದ್ರಿತವಾದ ಕಪಟಪತ್ರವನ್ನು ಮಲಯಕೇತು ನಂಬಿ, ತನ್ನ ಹಿತೈಷಿಯಾದ ರಾಕ್ಷಸನನ್ನೇ ದೂರಮಾಡಿದನು. ಮುದ್ರೆ ನಿಜವಾದದ್ದೇ, ಪತ್ರ ಮಾತ್ರ ಸುಳ್ಳು. ಮಲಯಕೇತುವು ಮುದ್ರೆಯನ್ನು ಪರೀಕ್ಷಿಸಿದನು, ಮುದ್ರೆ ಯಾರ ಕೈಯಲ್ಲಿತ್ತೆಂಬುದನ್ನು ಪರೀಕ್ಷಿಸಲಿಲ್ಲ.

ಕಂಟೇನರುಗಳ ಜಗತ್ತಿನಿಂದ ಸ್ವಲ್ಪ ಹೊರಗಿನದಾದರೂ, 2020ರ ಡಿಸೆಂಬರಿನಲ್ಲಿ ಬಯಲಾದ ಸೋಲಾರ್‌ವಿಂಡ್ಸ್ ಪ್ರಕರಣ ಇದಕ್ಕೆ ತಕ್ಕ ಆಧುನಿಕ ಉಪಾಖ್ಯಾನ. ಕಳ್ಳರು ಆ ಸಂಸ್ಥೆಯ ಉಂಗುರವನ್ನು ಕದಿಯುವ ಗೋಜಿಗೂ ಹೋಗಲಿಲ್ಲ. ಪತ್ರ ಸಿದ್ಧವಾಗುವ ಲೇಖನಶಾಲೆಗೇ ನುಗ್ಗಿ, ಮುದ್ರೆ ಬೀಳುವ ಮೊದಲೇ ವಿಷವನ್ನು ಸೇರಿಸಿದರು. ಅನಂತರ ಸಂಸ್ಥೆಯೇ ತನ್ನ ಸ್ವಂತ ಮುದ್ರೆಯನ್ನು ಒತ್ತಿ ಗ್ರಾಹಕರಿಗೆ ಕಳುಹಿಸಿತು. ಅದನ್ನು ಪಡೆದವರು 18,000ಕ್ಕಿಂತ ಕಡಿಮೆ ಎಂದು ಸಂಸ್ಥೆ ಹೇಳಿಕೊಂಡಿತು. ಅಮೆರಿಕ ಸರ್ಕಾರದ ಹಲವು ಇಲಾಖೆಗಳೂ ಅದರಲ್ಲಿ ಸೇರಿದ್ದವು.

ಇಂಥ ಅನುಭವಗಳ ಬಳಿಕ, 2021ರಲ್ಲಿ ಸಿಗ್‌ಸ್ಟೋರ್ ಎಂಬ ಸಾರ್ವಜನಿಕ ಯೋಜನೆ ಆರಂಭವಾಯಿತು. ಅದರ ಯುಕ್ತಿ ಮೆಚ್ಚತಕ್ಕದ್ದು. ಬಹುಕಾಲ ಉಳಿಯುವ ಉಂಗುರವಿದ್ದರೆ ತಾನೇ ಕಳುವಾಗುವುದು? ಸಹಿ ಹಾಕುವವನ ಗುರುತನ್ನು ಅಲ್ಲಿಯೇ ವಿಚಾರಿಸಿ, ಸುಮಾರು 10 ನಿಮಿಷ ಮಾತ್ರ ಸಲ್ಲುವ ಪ್ರಮಾಣಪತ್ರವನ್ನು ಕೊಟ್ಟು, ಸಹಿ ಬಿದ್ದ ಸಂಗತಿಯನ್ನು ಯಾರೂ ಅಳಿಸಲಾಗದ ಬಹಿರಂಗ ಕಡತದಲ್ಲಿ ಬರೆದಿಡುತ್ತಾರೆ. ಚಾಣಕ್ಯನ ಕೈಗೆ ಉಂಗುರ ಸಿಗುವ ಹೊತ್ತಿಗೆ ಅದು ಕರಗಿಹೋಗಿರುತ್ತದೆ.

ಪಾಡುಗಳ ನಡವಳಿಕೆಯನ್ನು ಕಟ್ಟುಪಾಡಿಗೆ ತರುವ ಕ್ರಮವನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಆಸ್ಥಾನದ್ವಾರದ ಮೂರನೆಯ ಪ್ರಶ್ನೆಗೆ ಸಂಬಂಧಿಸಿದ ಹಳೆಯ ನಿಯಮಾವಳಿ ಬಹಳ ಗೋಜಲಾಗಿದ್ದುದರಿಂದ, 2022ರ ಆಗಸ್ಟ್‌ನ 1.25ನೆಯ ಆವೃತ್ತಿಯಲ್ಲಿ ಅದನ್ನು ಕೈಬಿಟ್ಟು, ಪ್ರಿವಿಲೆಜ್ಡ್, ಬೇಸ್‌ಲೈನ್, ರಿಸ್ಟ್ರಿಕ್ಟೆಡ್ ಎಂಬ ಮೂರು ದರ್ಜೆಗಳನ್ನು ಸ್ಥಿರಪಡಿಸಿದರು. ಪ್ರಾಂತಕ್ಕೆ ಯಾವ ದರ್ಜೆಯೆಂದು ಚೀಟಿ ಹಚ್ಚದಿದ್ದರೆ ಮೊದಲನೆಯದೇ, ಅಂದರೆ ಎಲ್ಲವೂ ಸಲ್ಲುವ ದರ್ಜೆಯೇ ಉಳಿಯುತ್ತದೆ. ಪಾಡುಗಳ ಪರಸ್ಪರ ಸಂಭಾಷಣೆಯ ಸ್ಥಿತಿಯೂ ಹೀಗೆಯೇ: ನಿರ್ಬಂಧ ಬರೆಯದಿದ್ದರೆ ಪ್ರತಿಯೊಂದೂ ಪ್ರತಿಯೊಂದರೊಡನೆ ಮಾತನಾಡಬಹುದು. ನಿರ್ಬಂಧವನ್ನು ಬರೆದರೂ, ಅದನ್ನು ಜಾರಿಗೊಳಿಸುವ ಜಾಲಸಾಧನ ಅಲ್ಲಿರದಿದ್ದರೆ, ಕರ್ಣಧಾರನು ಬರಹವನ್ನು ಗಂಭೀರವಾಗಿ ಸ್ವೀಕರಿಸಿ ದಫ್ತರದಲ್ಲಿಡುತ್ತಾನೆ. ಜಾರಿ ಮಾತ್ರ ಆಗುವುದಿಲ್ಲ, ದೂರೂ ಬರುವುದಿಲ್ಲ. ಆಜ್ಞೆಯ ಕಾಗದವಿದೆಯೆಂದು ನೆಮ್ಮದಿಯಿಂದ ಮಲಗಿದವರು ಒಮ್ಮೆ ಎದ್ದು, ಬಾಗಿಲು ತಳ್ಳಿ ನೋಡಬೇಕು.

ಬಾಗಿಲಿನ ಮಾತು ಬಂದುದರಿಂದ, ದಾನಿಗಳಾದ ವಾಚಕರಿಗೆ ವಿಶೇಷವಾಗಿ ತಿಳಿಸಬೇಕಾದ ಸಂಗತಿಯೊಂದಿದೆ. ಹೊರಗಿನ ಲೋಕದಿಂದ ಬರುವ ಕೋರಿಕೆಗಳನ್ನು ಒಳಗಿನ ತಂತ್ರಾಂಶಕ್ಕೆ ತಲುಪಿಸುವ ಇಂಗ್ರೆಸ್ ಎಂಜಿನ್‌ಎಕ್ಸ್ ಎಂಬ ಮಹಾದ್ವಾರವನ್ನು ಅಸಂಖ್ಯಾತ ಸಂಸ್ಥೆಗಳು ಉಚಿತವಾಗಿ ಬಳಸುತ್ತಿದ್ದವು. 2025ರ ಮಾರ್ಚ್‌ನಲ್ಲಿ ವಿಜ್ ಎಂಬ ಸಂಸ್ಥೆಯ ಸಂಶೋಧಕರು ಅದರಲ್ಲಿದ್ದ ಘೋರವಾದ ದೋಷಗಳನ್ನು ಪ್ರಕಟಿಸಿದರು. ಅವುಗಳಲ್ಲಿ ಒಂದರ ತೀವ್ರತೆ ಹತ್ತರಲ್ಲಿ 9.8. ಬರುವ ಬರಹಗಳು ಶುದ್ಧವಾಗಿವೆಯೇ ಎಂದು ಪರೀಕ್ಷಿಸುವ ಅಂಗದಲ್ಲಿಯೇ ಆ ದೋಷವಿತ್ತು. ಒಳಜಾಲಕ್ಕೆ ಪ್ರವೇಶವಿದ್ದ ಯಾರಾದರೂ, ಯಾವ ಗುರುತನ್ನೂ ತೋರಿಸದೆ, ಆ ಪರೀಕ್ಷಕನ ಕೈಯಿಂದಲೇ ತಮ್ಮ ಕ್ರಮವಿಧಿಯನ್ನು ನಡೆಸಿಕೊಳ್ಳಬಹುದಾಗಿತ್ತು. ಸಾಮಾನ್ಯ ಸ್ಥಾಪನೆಯಲ್ಲಿ ಆ ದ್ವಾರಕ್ಕೆ ಎಲ್ಲ ಪ್ರಾಂತಗಳ ಸೀಕ್ರೆಟ್ಟುಗಳನ್ನು ಓದುವ ಅಧಿಕಾರವಿದ್ದುದರಿಂದ, ಅವೆಲ್ಲವೂ ಅವರ ಕೈಸೇರುತ್ತಿದ್ದವು. ಪುನಃ ಅದೇ ಟಿಲ್ಲರಿನ ಕಥೆ.

ದೋಷವನ್ನು ಕೂಡಲೇ ತಿದ್ದಿದರು. ಆದರೆ 2025ರ ನವೆಂಬರ್‌ನಲ್ಲಿ ಕುಬರ್ನೇಟಿಸ್ ನಿರ್ವಾಹಕರು ಆ ಯೋಜನೆಯನ್ನೇ ನಿಲ್ಲಿಸುವುದಾಗಿಯೂ 2026ರ ಮಾರ್ಚ್‌ವರೆಗೆ ಮಾತ್ರ ಸಾಧ್ಯವಾದಷ್ಟು ಪೋಷಿಸುವುದಾಗಿಯೂ ಘೋಷಿಸಿದರು. ಅವರು ಕೊಟ್ಟ ಕಾರಣ ಓದುವವರ ಮನಸ್ಸನ್ನು ಕಲಕುವಂಥದು. ಅಷ್ಟು ಜನ ಆಶ್ರಯಿಸಿದ್ದ ಆ ದ್ವಾರವನ್ನು ವರ್ಷಗಟ್ಟಲೆ ನೋಡಿಕೊಂಡವರು ಒಬ್ಬರು ಅಥವಾ ಇಬ್ಬರು. ಅದೂ ತಮ್ಮ ಉದ್ಯೋಗದ ವೇಳೆ ಮುಗಿದ ಮೇಲೆ, ರಾತ್ರಿಗಳಲ್ಲಿ, ರಜಾದಿನಗಳಲ್ಲಿ. ನೆರವಿಗೆ ಬನ್ನಿರೆಂದು ಕರೆ ಕೊಟ್ಟಾಗಲೂ ಸಾಕಷ್ಟು ಜನ ಬರಲಿಲ್ಲ. ಕೆರೆಯ ನೀರನ್ನು ಊರೆಲ್ಲ ಕುಡಿದು, ಹೂಳೆತ್ತುವ ದಿನ ಒಬ್ಬ ಮುದುಕನೇ ಗುದ್ದಲಿ ಹಿಡಿದು ನಿಂತ ಚಿತ್ರ ನನಗೆ ಕಾಣಿಸಿತು.

ಈಗಲೂ ಆ ದ್ವಾರವನ್ನೇ ಇಟ್ಟುಕೊಂಡಿರುವ ಸಂಸ್ಥೆಗಳಲ್ಲಿ ನಮ್ಮ ಹಳೆಯ ವಿದ್ಯಾರ್ಥಿಗಳು ಯಾರಾದರೂ ಇದ್ದರೆ, ಗೇಟ್‌ವೇ ಎಪಿಐ ಎಂಬ ಹೊಸ ಪದ್ಧತಿಗೋ, ಪೋಷಣೆಯಿರುವ ಬೇರೊಂದು ದ್ವಾರಕ್ಕೋ ಬದಲಾಯಿಸಿಕೊಳ್ಳುವ ಕೆಲಸವನ್ನು ಇನ್ನು ಮುಂದೂಡಬಾರದು. ಹಳೆಯ ದ್ವಾರ ತನ್ನಷ್ಟಕ್ಕೆ ಮುಚ್ಚಿಹೋಗುವುದಿಲ್ಲ, ಮೊದಲಿನಂತೆಯೇ ನಡೆಯುತ್ತಿರುತ್ತದೆ. ಹೊಸ ದೋಷವೊಂದು ಪತ್ತೆಯಾದಾಗ ಮಾತ್ರ ತಿದ್ದುವವರು ಅಲ್ಲಿ ಯಾರೂ ಇರುವುದಿಲ್ಲ.